ಕೇಬಲ್ ಯಾರದು?

ನಮ್ಮ ಮನೆಯಲ್ಲಿ ಏನು ಕೆಟ್ಟರೂ ನನ್ನ ನಾದಿನಿ ಕುಸುಮಾ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಕೇಬಲ್ ಯಾರದು?" ಫೋನು ಚಾರ್ಜ್ ಆಗದಿದ್ದರೆ ಕೇಳುತ್ತಿದ್ದಳು, ಮಿಕ್ಸರ್ ನಿಂತರೆ ಕೇಳುತ್ತಿದ್ದಳು. ಅದು ಸರಿಯೇ. ಆದರೆ ಒಮ್ಮೆ ಹಾಲು ಒಡೆದಾಗಲೂ ಕೇಳಿದಳು. ಎರಡನೆಯ ಮಹಡಿಯವರ ಮಗಳ ನಿಶ್ಚಿತಾರ್ಥ ಮುರಿದು, ಆ ತಾಯಿ ನಮ್ಮ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಾಗ ಕುಸುಮಾ ಒಳಗಿನಿಂದ ಬಂದಳು. ಎಲ್ಲವನ್ನೂ ಕೇಳಿಸಿಕೊಂಡು ಬಹಳ ಗಂಭೀರವಾಗಿ ಅದನ್ನೇ ಕೇಳಿದಳು. ಆಕೆ ಅಳು ನಿಲ್ಲಿಸಿ ನನ್ನ ಮುಖ ನೋಡಿದರು. ಆ ಮನೆಗೂ ಈ ಮನೆಗೂ ನಡುವೆ ಮಾತು ಸಾಗಿಸಿದವರು ಯಾರು ಅಂತ ಅವಳು ಕೇಳುತ್ತಿದ್ದಾಳೆ ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ವಿಚಾರಿಸಿದಾಗ ಹಾಗೆ ಸಾಗಿಸಿದವರು ಒಬ್ಬರು ಇದ್ದರು, ಅರ್ಧ ಮಾತು ದಾರಿಯಲ್ಲೇ ಬಿಟ್ಟಿದ್ದರು. ಕುಸುಮಾಗೆ ಆಶ್ಚರ್ಯವೇನೂ ಆಗಲಿಲ್ಲ. ಅವಳ ಪ್ರಕಾರ ಜಗತ್ತಿನಲ್ಲಿ ಕೆಟ್ಟಿರುವ ಹತ್ತು ವಸ್ತುಗಳಲ್ಲಿ ಎಂಟು ಕೆಟ್ಟೇ ಇರುವುದಿಲ್ಲ, ನಡುವಿನ ಕೇಬಲ್ ಕೆಟ್ಟಿರುತ್ತದೆ.

ಅವಳು ಹೋಗಿ ಏಳು ತಿಂಗಳಾಯಿತು. ನಾನು ಹತ್ತನೆಯ ತನಕ ಓದಿದವಳು, ಮಸ್ಜಿದ್ ಬಂದರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಫೈಲು ಜೋಡಿಸುವವಳು. ಇಂಥದ್ದನ್ನು ಬರೆದು ರೂಢಿಯಿಲ್ಲ. ಆದರೆ ಅವಳ ಬಗ್ಗೆ ಯಾರಾದರೂ ಬರೆಯಬೇಕು. ಮನೆಯಲ್ಲಿ ಉಳಿದವರು ನಾನು, ಅವಳಣ್ಣ ಇಬ್ಬರೇ, ಮತ್ತು ನಮ್ಮ ಮನೆಯವರು ಬರೆಯುವುದಿರಲಿ, ಮಾತಾಡುವುದೇ ಅಪರೂಪ.

ನಮ್ಮದು ಧಾರವಾಡ ಕಡೆ. ನಾನು ಮದುವೆಯಾಗಿ ಭಾಂಡುಪ್‌ನ ಎರಡು ಕೋಣೆಯ ಮನೆಗೆ ಬಂದಾಗ ಕುಸುಮಾಗೆ ಹತ್ತೊಂಬತ್ತು ವರ್ಷ. ಸ್ಟೇಷನ್ನಿನ ಆಚೆ ಬದಿಯಲ್ಲಿದ್ದ ರೇಡಿಯೋ ಭಾಗಗಳ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದಳು. ನೀಲಿ ಏಪ್ರನ್, ಎಡಗೈಯ ಬೆರಳ ತುದಿಗಳಲ್ಲಿ ಚಿಕ್ಕ ಚಿಕ್ಕ ಸುಟ್ಟ ಕಲೆ. ಅವಳನ್ನು ನೋಡಲು ಎರಡು ಸಲ ಗಂಡಿನ ಕಡೆಯವರು ಬಂದಿದ್ದರು. ಮೊದಲನೆಯವನ ಕೈಗಡಿಯಾರ ಹತ್ತು ನಿಮಿಷ ಹಿಂದಿತ್ತು, ಬಿಚ್ಚಿ ನೋಡಲೇ ಎಂದು ಕೇಳಿದಳು. ಎರಡನೆಯವನ ಸುದ್ದಿ ಅವಳು ನನಗೂ ಹೇಳಲಿಲ್ಲ. ಆಮೇಲೆ ಯಾರೂ ಬರಲಿಲ್ಲ, ನಾವೂ ಹುಡುಕಲಿಲ್ಲ. ಅತ್ತಿಗೆಯಾದ ನನ್ನನ್ನು ವೈನಿ ಎನ್ನುತ್ತಿದ್ದಳು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ನಿಂತೆವು. ಒಬ್ಬರಿಗೊಬ್ಬರು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ, ಕೆಟ್ಟ ಮಾತು ಆಡಿದ್ದೂ ನೆನಪಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿ ಸೇರಿದಳು. ಇಂಜಿನಿಯರಿಂಗ್ ಓದುವವರು ಕೊನೆಯ ವರ್ಷದಲ್ಲಿ ತಾವೇ ಮಾಡಿ ತೋರಿಸಬೇಕಾದ ಪ್ರಾಜೆಕ್ಟುಗಳನ್ನು ಆ ಅಂಗಡಿ ಮಾಡಿಕೊಡುತ್ತಿತ್ತು. ಗಿಡಕ್ಕೆ ತಾನೇ ನೀರು ಹಾಕುವ ಯಂತ್ರ, ಕುರುಡರಿಗೆ ದಾರಿ ಹೇಳುವ ಕೋಲು, ನಿದ್ದೆ ಬಂದ ಡ್ರೈವರನನ್ನು ಎಬ್ಬಿಸುವ ಕನ್ನಡಕ. ಎಲ್ಲದರ ಹೊಟ್ಟೆಯಲ್ಲೂ ಎರಡು ಬೆರಳಗಲದ ಒಂದು ಹಸಿರು ಬೋರ್ಡು. ಮೈಕ್ರೋಕಂಟ್ರೋಲರ್ ಅಂತಾರೆ ಅದಕ್ಕೆ. ಕುಸುಮಾ "ಮೆದುಳು" ಎನ್ನುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನ ಆ ಓದುವವರೆಲ್ಲ ಅಳುಮುಖ ಮಾಡಿಕೊಂಡು ವಾಪಸ್ ಬರುತ್ತಿದ್ದರಂತೆ: ಆಂಟಿ, ಬೋರ್ಡು ಸತ್ತಿದೆ, ಕಂಪ್ಯೂಟರಿಗೆ ಕಾಣುತ್ತಲೇ ಇಲ್ಲ. ಇವಳು ಬೋರ್ಡನ್ನು ಮುಟ್ಟುತ್ತಲೇ ಇರಲಿಲ್ಲ. ಕೇಬಲ್ ಕೈಗೆ ತೆಗೆದುಕೊಂಡು, ಹಾವಾಡಿಗನಂತೆ ಎತ್ತಿ ತೂಗಿ, ಯಾರದು ಎಂದು ಕೇಳುತ್ತಿದ್ದಳು. ರೂಮ್‌ಮೇಟಿನದು, ಫೋನಿನ ಜೊತೆ ಬಂದದ್ದು, ಟ್ರೇನಿನಲ್ಲಿ ಮಾರುವವನಿಂದ ಕೊಂಡದ್ದು. ಅಂಥ ಕೆಲವು ಕೇಬಲ್ಲುಗಳಲ್ಲಿ ಕರೆಂಟು ಸಾಗಿಸುವ ಎರಡು ತಂತಿ ಮಾತ್ರ ಇರುತ್ತವೆ, ಸುದ್ದಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಅದನ್ನು ಅವಳು ಎಲ್ಲರಿಗೂ ಒಂದೇ ರೀತಿ ತಿಳಿಸಿ ಹೇಳುತ್ತಿದ್ದಳು.

"ಇದು ಊಟಾ ಹಾಕ್ತದ, ಮಾತಾಡೂದಿಲ್ಲ. ನಮ್ಮ ಅಣ್ಣನ ಹಂಗ."

ನಮ್ಮ ಮನೆಯವರ ಎದುರಿಗೇ ಹೀಗೆ ಹೇಳುತ್ತಿದ್ದಳು. ಅವರು ಮಾತಾಡುತ್ತಿರಲಿಲ್ಲ.

ಮನೆಯಲ್ಲಿದ್ದ ಕೇಬಲ್ಲುಗಳಿಗೆಲ್ಲ ಅವಳು ದಾರ ಕಟ್ಟಿದ್ದಳು. ಮಾತಾಡುವ ಕೇಬಲ್ಲಿಗೆ ಕೆಂಪು, ಮೂಗ ಕೇಬಲ್ಲಿಗೆ ಕಪ್ಪು, ನಂಬಲಾಗದ್ದಕ್ಕೆ ಹಳದಿ. ದೇವರ ಮನೆಯ ದಾರದ ಉಂಡೆ ಖರ್ಚಾಗಿ ನಾನು ಗೊಣಗಿದ್ದುಂಟು. ಮೊದಲ ಸಲ ಮನೆಗೆ ಬಂದವರು ಗೋಡೆಯ ಗೂಟದಲ್ಲಿ ತೂಗುವ ದಾರ ಕಟ್ಟಿದ ಕೇಬಲ್ಲುಗಳನ್ನು ನೋಡಿ, ಯಾವ ದೇವರ ಹರಕೆ ಎಂದು ಮೆಲ್ಲಗೆ ಕೇಳುತ್ತಿದ್ದರು.

ಇಷ್ಟೆಲ್ಲ ಸಾಮಾನು ಅವಳದಾಗಿದ್ದರೂ, ಅವಳು ಸ್ವತಃ ಹಿಡಿಯುತ್ತಿದ್ದ ಜಾಗ ಬಹಳ ಕಡಿಮೆ. ನೆಲದ ಮೇಲೆ ಹಾಸಿಗೆ. ನಾವು ಏಳುವುದರೊಳಗೆ ಅದು ಸುತ್ತಿ ಕಪಾಟಿನ ಮೇಲೆ ಏರಿರುತ್ತಿತ್ತು. ಬಟ್ಟೆಗೆ ಒಂದು ಟ್ರಂಕು. ತಟ್ಟೆ ಲೋಟ ಉಂಡ ಕೂಡಲೇ ತೊಳೆದು ಬೋರಲು ಹಾಕುತ್ತಿದ್ದಳು. ಇನ್ನೊಂದು ಚಪಾತಿ ಎಂದರೆ ಸಾಕು ಎನ್ನುವವಳು. ಫ್ಯಾನು ಅವಳ ಕಡೆ ತಿರುಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಶ್ರುತಿ ಪೆಟ್ಟಿಗೆಯ ಕಥೆ.

ನಾನು ಬೆಳಗಿನ ಸ್ಲೋ ಲೋಕಲ್ಲಿನಲ್ಲಿ ಆಫೀಸಿಗೆ ಹೋಗುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ನಮ್ಮದೊಂದು ಭಜನಾ ಮಂಡಳಿ ಇದೆ, ಏಳೆಂಟು ಜನ ಕನ್ನಡದವರು. ಮುಲುಂಡ್‌ನಲ್ಲಿ ಹತ್ತುವ ಸುಮತಿಯಕ್ಕ ನಮ್ಮ ಮುಖ್ಯಸ್ಥೆ. ಉಡುಪಿ ಕಡೆಯವರು, ಬ್ಯಾಂಕಿನಲ್ಲಿ ಕೆಲಸ, ಗಂಟಲು ಗಂಟೆಯಂತೆ. ಉಳಿದವರದು ಹಿಂದೆ ಹಿಂದೆ ಹೇಳುವ ಕೆಲಸ. ಶ್ರುತಿಗೆ ಸುಮತಿಯಕ್ಕನ ಫೋನು ಇಟ್ಟುಕೊಳ್ಳುತ್ತಿದ್ದೆವು. ಅದರಲ್ಲಿ ಪ್ರತಿ ಭಜನೆಯ ನಡುವೆ ಅವರ ಅತ್ತೆಯ ಕರೆ ಬರುತ್ತಿತ್ತು. ಈ ತಾಪತ್ರಯವನ್ನು ನಾನು ಮನೆಯಲ್ಲಿ ಒಮ್ಮೆ ಹೇಳಿದೆನಷ್ಟೆ. ಎಂಟು ದಿನದಲ್ಲಿ ಕುಸುಮಾ ಒಂದು ಹಸಿರು ಬೋರ್ಡಿಗೆ ಸ್ಪೀಕರ್ ಜೋಡಿಸಿ, ಸ್ಟೀಲಿನ ಟಿಫಿನ್ ಡಬ್ಬಿಯೊಳಗೆ ಶ್ರುತಿ ತುಂಬಿ ನನ್ನ ಕೈಗೆ ಕೊಟ್ಟಳು. ಮುಚ್ಚಳ ತೆಗೆದರೆ ತಂತಿ, ಮುಚ್ಚಿದರೆ ಗುಂಯ್ ಅನ್ನುವ ಸದ್ದು.

"ಇದನ್ನು ಹಿಡ್ಕೊಂಡು ಹೋದ್ರೆ ಭಜನೆ ಸ್ಟೇಷನ್ನಲ್ಲಲ್ಲ, ಪೊಲೀಸ್ ಸ್ಟೇಷನ್ನಲ್ಲಿ ಆಗ್ತದೆ ಮಾರಾಯ್ತಿ," ಎಂದರು ಸುಮತಿಯಕ್ಕ.

ಹಾಗಾಗಿ ಪೆಟ್ಟಿಗೆ ದೀಪಾವಳಿಯ ಫರಾಳದ ತಿಂಡಿ ತುಂಬುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿತು. ಒಳಗಿನದ್ದೆಲ್ಲ ಯಾರು ಬೇಕಾದರೂ ನೋಡಿಕೊಳ್ಳಬಹುದು. ಮೇಲೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ "ಶ್ರುತಿ, ಹಾಡಿಗಾಗಿ" ಎಂದು ಬರೆದ ಚೀಟಿ ಅಂಟಿಸಿದಳು.

ಮೊದಲು ಅದಕ್ಕೆ ಒಳಗೇ ಒಂದು ಚಪ್ಪಟೆ ಬ್ಯಾಟರಿ ಇತ್ತು. ಎರಡು ತಿಂಗಳಲ್ಲಿ ಅದು ಪೂರಿಯ ಹಾಗೆ ಉಬ್ಬಿತು. ಉಬ್ಬಿದ್ದು ಅಪಾಯ ಎಂದು ಕುಸುಮಾ ಅದನ್ನು ಕಿತ್ತು, ಗ್ಯಾಲರಿಯಲ್ಲಿ ತುಳಸಿ ಕುಂಡದ ಪಕ್ಕ ಮರಳು ತುಂಬಿದ ಬಕೆಟ್ಟಿನಲ್ಲಿ ಹೂತಿಟ್ಟಳು. ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಡಬೇಕು ಎಂದುಕೊಂಡು ನಾವು ಮರೆತೆವು. ನಮ್ಮ ಮನೆಯವರು ಬೆಳಿಗ್ಗೆ ತುಳಸಿಗೆ ನೀರು ಹಾಕುವವರು, ಪಕ್ಕದ ಬಕೆಟ್ಟಿಗೂ ಹಾಕತೊಡಗಿದರು. ಹದಿನೈದು ದಿನ ಹಾಕಿ, ಒಂದು ಭಾನುವಾರ ತಾವಾಗಿಯೇ ಬಾಯಿ ಬಿಟ್ಟರು.

"ಇದರಾಗ ಏನ್ ಹಚ್ಚೀದಿ?"

"ಬ್ಯಾಟರಿ," ಎಂದಳು ಕುಸುಮಾ.

ಅವರು ಸ್ವಲ್ಪ ಹೊತ್ತು ಬಕೆಟ್ಟನ್ನು ನೋಡಿದರು. "ಎಷ್ಟ್ ದಿನಕ್ಕ ಬರ್ತದ?"

ಕುಸುಮಾ ನಗಲಿಲ್ಲ. ಅಂಥ ಬ್ಯಾಟರಿಗೆ ನೀರು ತಾಗಬಾರದಂತೆ, ಬಕೆಟ್ಟನ್ನು ಎತ್ತಿಕೊಂಡು ಓಡಿದಳು.

ಅದಾದ ಮೇಲೆ ಒಳಗೆ ಬ್ಯಾಟರಿ ಬೇಡ, ಹೊರಗಿನಿಂದ ಪವರ್ ಬ್ಯಾಂಕ್ ಜೋಡಿಸೋಣ, ಕೆಟ್ಟರೆ ಕಿತ್ತಿಡಬಹುದು ಎಂದು ಅವಳು ತೀರ್ಮಾನಿಸಿದಳು. ಕೆಂಪು ದಾರದ ಕೇಬಲ್ ಕೊಟ್ಟಳು. ತೊಂದರೆ ಶುರುವಾದದ್ದು ಅಲ್ಲಿಂದ.

ಭಾಂಡುಪ್‌ನಲ್ಲಿ ಪೆಟ್ಟಿಗೆ ಚಾಲೂ ಮಾಡಿದರೆ ಸರಿಯಾಗಿ ಎರಡು ನಿಮಿಷಕ್ಕೆ ಶ್ರುತಿ ಸಾಯುತ್ತಿತ್ತು. ಪವರ್ ಬ್ಯಾಂಕಿನ ಗುಂಡಿ ಒತ್ತಿದರೆ ಎದ್ದು, ಎರಡು ನಿಮಿಷಕ್ಕೆ ಮತ್ತೆ ಸಾಯುತ್ತಿತ್ತು. ಬ್ಯಾಂಕಿನಲ್ಲಿ ನಾಲ್ಕೂ ದೀಪ ಉರಿಯುತ್ತಿದ್ದವು, ಹೊಟ್ಟೆ ತುಂಬ ಕರೆಂಟು. ಮನೆಗೆ ತಂದು ಕೊಟ್ಟರೆ ಕುಸುಮಾ ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಪರೀಕ್ಷಿಸುವಳು. ಅಲ್ಲಿ ಮೂರು ತಾಸು ಬಿಡದೆ ಹಾಡುತ್ತಿತ್ತು. ಕೇಬಲ್ ಯಾರದು ಎಂದು ಕೇಳುವಳು, ನೀನೇ ಕೊಟ್ಟದ್ದು ಎನ್ನುವೆ. ಹೀಗೆ ಅವಳ ಪ್ರಶ್ನೆ ಮೊದಲ ಬಾರಿಗೆ ಕೆಲಸ ಮಾಡಲಿಲ್ಲ. ಮೂರು ಕೇಬಲ್ ಬದಲಾದವು. ಮೂರೂ ಕೆಂಪು ದಾರದವು.

ಮಂಡಳಿಯವರು ತಮ್ಮದೇ ದಾರಿ ಕಂಡುಕೊಂಡರು. ಮೊದಲು ಒಬ್ಬರಿಗೆ ಗುಂಡಿ ಒತ್ತುವ ಡ್ಯೂಟಿ ಹಾಕಿದೆವು. ಅವರು ತಾಳವನ್ನೂ ಹಿಡಿಯುವವರು, ಗುಂಡಿ ಒತ್ತುವಾಗ ತಾಳ ತಪ್ಪುತ್ತಿತ್ತು, ತಾಳ ಸರಿ ಇದ್ದಾಗ ಶ್ರುತಿ ಸಾಯುತ್ತಿತ್ತು. ಆಮೇಲೆ ಸುಮತಿಯಕ್ಕ ಭಜನೆಗಳನ್ನೇ ಎರಡು ನಿಮಿಷದೊಳಗೆ ಮುಗಿಸುವುದೆಂದರು. ಘಾಟ್‌ಕೋಪರ್ ತನಕ ನಿಧಾನವಾಗಿ ಸಾಗುತ್ತಿದ್ದ ಹಾಡು ವಿಕ್ರೋಳಿ ಬರುವ ಮೊದಲೇ ಮುಗಿಯತೊಡಗಿತು. ನಾಲ್ಕನೆಯ ನುಡಿಗೆ ಬರುವಾಗ ಯಾರಿಗೂ ಉಸಿರು ಇರುತ್ತಿರಲಿಲ್ಲ. ಕಿಟಕಿಯ ಪಕ್ಕ ದಿನವೂ ಕೂರುವ, ನಾವು ಬಾಯಿ ಎಂದು ಕರೆಯುವ ಮರಾಠಿ ಹೆಂಗಸೊಬ್ಬರು, ದೇವರಿಗೂ ಇವತ್ತು ಫಾಸ್ಟ್ ಲೋಕಲ್ ಹಿಡಿಯಬೇಕಿದೆಯಾ ಎಂದು ಕೇಳಿದರು. ವಾಲ್ಯೂಮು ಪೂರ್ತಿ ಏರಿಸಿದರೆ ಮಾತ್ರ ಪೆಟ್ಟಿಗೆ ಬದುಕುತ್ತಿತ್ತು, ಆದರೆ ಆಗ ಇಡೀ ಡಬ್ಬಿ ಬೈಯುತ್ತಿತ್ತು. ತಲೆಯ ಮೇಲಿನ ರೈಲ್ವೆ ತಂತಿಯ ಪ್ರಭಾವ ಎಂದರು ಒಬ್ಬರು. ದೃಷ್ಟಿ ತಗುಲಿದೆ ಎಂದು ಇನ್ನೊಬ್ಬರು ಶನಿವಾರ ಪೆಟ್ಟಿಗೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅದನ್ನು ಹಾಗೆಯೇ ಮನೆಗೆ ಒಯ್ದೆ. ಕುಸುಮಾ ಪೆಟ್ಟಿಗೆಯನ್ನು ಬಿಟ್ಟು ನಿಂಬೆಹಣ್ಣಿಗೇ ಒಂದು ಮೊಳೆ, ಒಂದು ತಾಮ್ರದ ತಂತಿ ಚುಚ್ಚಿ ಮೀಟರು ಹಿಡಿದು ಕರೆಂಟು ನೋಡಿದಳು. ಸುಮಾರಾಗಿ ಚಲೋ ಅದ, ಎಂದಳು.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಅದನ್ನು ಬರೆಯಲು ನನಗೆ ಸುಲಭವಲ್ಲ.

ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿತ್ತು. ಕೆಡವಿ ಹೊಸದು ಕಟ್ಟುವ ತನಕ ಮೂರು ವರ್ಷ ಎಲ್ಲರೂ ಬಾಡಿಗೆ ಮನೆಗೆ ಹೋಗಬೇಕು. ಇನ್ನು ಒಂದು ತಿಂಗಳಿತ್ತು. ಒಂದು ಭಾನುವಾರ ನಮ್ಮ ಮನೆಯವರು ವೃತ್ತಪತ್ರಿಕೆಯ ಅಂಚಿನ ಮೇಲೆ, ತಾವು ನೋಡಿ ಬಂದ ಒಂದು ಕೋಣೆಯ ಮನೆಯ ನಕ್ಷೆ ಬರೆದರು. ಒಳ್ಳೆಯ ನಕ್ಷೆ. ಅವರ ಮಂಚ, ನನ್ನ ಮಂಚ, ಕಪಾಟು, ಫ್ರಿಜ್ಜು, ದೇವರ ಗೂಡು, ತುಳಸಿ ಕುಂಡ ಸಹ ಇತ್ತು. ಕುಸುಮಾ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನಾನು ಆಣೆ ಮಾಡಿ ಹೇಳುತ್ತೇನೆ. ಅವರು ಮನೆಯಲ್ಲಿ ಕಾಣುವ ಸಾಮಾನುಗಳನ್ನು ಎಣಿಸಿ ಬರೆದಿದ್ದರು. ಅವಳ ಹಾಸಿಗೆ ಕಪಾಟಿನ ಮೇಲಿತ್ತು.

ಕುಸುಮಾ ಚಹಾ ಕೊಡಲು ಬಂದವಳು ನಕ್ಷೆ ನೋಡಿದಳು. ಚಲೋ ಅದ ಅಣ್ಣಾ, ಎಂದಳು. ಅಷ್ಟೆ. ನಾನು ನೋಡಿದೆ, ನನಗೂ ಗೊತ್ತಾಯಿತು, ನಾನೂ ಬಾಯಿ ತೆರೆಯಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಎಂಟು ದಿನಕ್ಕೆ ಅವಳ ಟ್ರಂಕಿಗೆ ಹಗ್ಗ ಬಿಗಿದಿತ್ತು. ಬೆಳಗಾವಿಯಲ್ಲಿ ಒಬ್ಬ ಚಿಕ್ಕಪ್ಪನ ಮಗಳಿದ್ದಾಳೆ, ಅವಳಿಗೆ ಫೋನು ಮಾಡಿದ್ದಳು. ಅಂಗಡಿಗೂ ತಿಂಗಳ ಕೊನೆಗೆ ಬಿಡುವುದಾಗಿ ಹೇಳಿದ್ದಳು. ಮೂರು ವರ್ಷದ ಮಾತಲ್ಲವೇ, ಎಂದಳು ನನಗೆ. ಮೂರು ವರ್ಷಕ್ಕೆಂದು ಹೋದವರು ವಾಪಸ್ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಹೋಗುವ ಮೊದಲು ಪೆಟ್ಟಿಗೆ ರಿಪೇರಿ ಮಾಡಿಯೇ ಹೋಗುವುದು ಎಂದು ಹಟ ಹಿಡಿದಳು. ಮನೆಯಲ್ಲಿ ನೋಡಿದರೆ ಆಗುವುದಿಲ್ಲ, ರೋಗಿಯನ್ನು ಅವನ ಊರಲ್ಲೇ ನೋಡಬೇಕು ಎಂದು ಒಂದು ಸೋಮವಾರ ನನ್ನ ಜೊತೆ ಟ್ರೇನು ಹತ್ತಿದಳು. ಮುಚ್ಚಿಹೋದ ಕಾರ್ಖಾನೆಯ ನೀಲಿ ಏಪ್ರನ್ನು ಹಾಕಿಕೊಂಡಿದ್ದಳು. ಕೊರಳಲ್ಲಿ ಮೀಟರು, ಬಾಯಲ್ಲಿ ಸ್ಕ್ರೂಡ್ರೈವರ್. ಹೆಂಗಸರು ರೈಲ್ವೆಯವರೆಂದು ತಿಳಿದು ಜಾಗ ಬಿಟ್ಟರು.

ಅವತ್ತಿನಂಥ ಭಜನೆ ಮತ್ತೆ ಆಗಲಿಲ್ಲ. ಕುಸುಮಾ ಪವರ್ ಬ್ಯಾಂಕಿಗೂ ಕೇಬಲ್ಲಿಗೂ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮೀಟರು ಸಿಕ್ಕಿಸಿದಳು. ಎಷ್ಟು ಕರೆಂಟು ಹರಿಯುತ್ತಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಹಾಡಿ, ಎಂದಳು. ಹಾಡಿದೆವು. ನಿಲ್ಲಿಸಿ, ಎಂದಳು. ನಿಲ್ಲಿಸಿದೆವು. ತಾಳ ಬೇಡ ಎಂದಳು, ಬರೀ ತಾಳ ಎಂದಳು. ಸುಮತಿಯಕ್ಕ ಕಣ್ಣು ಮುಚ್ಚಿ ದೇವರ ಹೆಸರನ್ನು ಅರ್ಧ ಎತ್ತಿದ್ದರು, ಅಲ್ಲೇ ಹಿಡಿಯಿರಿ ಎಂದು ಕೈ ತೋರಿಸಿ ಮೀಟರಿಗೆ ಬಗ್ಗಿದಳು. ಅವರು ಕಾಂಜುರ್‌ಮಾರ್ಗ್ ಪ್ಲಾಟ್‌ಫಾರ್ಮಿನುದ್ದಕ್ಕೂ ಆ ಅರ್ಧ ಹೆಸರನ್ನೇ ಹಿಡಿದು ನಿಂತರು. ಇಳಿಯುವವರು ಅವರನ್ನು ನೋಡುತ್ತಾ ಇಳಿದರು.

ವಿಕ್ರೋಳಿ ದಾಟಿದ ಮೇಲೆ ಶ್ರುತಿ ಮತ್ತೆ ಸತ್ತಿತು. ಕುಸುಮಾ ಗುಂಡಿ ಒತ್ತಿ, ಇನ್ನೊಂದು ಸಲ ಸಾಯಲು ಬಿಟ್ಟು, ಮೀಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ನಕ್ಕಳು. ಅವಳು ನಗುವುದು ಕಡಿಮೆ.

"ಇದು ಕೆಟ್ಟಿಲ್ರಿ. ಇದು ಭಾಳ ಕಡಿಮಿ ತಿಂತದ."

ಸುಮತಿಯಕ್ಕ ಕೇಳಿದರು, "ಕಡಿಮೆ ತಿಂದ್ರೆ ಒಳ್ಳೇದಲ್ಲವಾ?"

"ಒಳ್ಳೇದು ಅಂತ ನಾವು ತಿಳ್ಕೊಂಡೀವಿ. ಪವರ್ ಬ್ಯಾಂಕ್ ಫೋನಿನ ಸಲುವಾಗಿ ಮಾಡಿದ್ದು, ಫೋನ್ ಗಬಗಬ ತಿಂತದ. ಇದು ಒಂದೆರಡು ತುತ್ತು ತಿಂದು ಸುಮ್ನ ಕೂಡತದ. ಅದಕ್ಕ ಬ್ಯಾಂಕ್ ಏನ್ ತಿಳೀತದ, ಮನಿಯೊಳಗ ಯಾರೂ ಇಲ್ಲ ಅಂತ ತಿಳೀತದ. ದೀಪಾ ಆರಿಸಿ ಬಾಗ್ಲಾ ಹಾಕ್ಕೊಂಡು ಮಲಗಿಬಿಡ್ತದ."

ಗಾಡಿ ಘಾಟ್‌ಕೋಪರ್‌ನಲ್ಲಿ ನಿಂತಿತು, ಜನ ನುಗ್ಗಿದರು. ನಾನು ಕುಸುಮಾಳ ಕೈಯಲ್ಲಿದ್ದ ಮೀಟರನ್ನು ನೋಡುತ್ತಿದ್ದೆ.

ಮತ್ತೆ ಏನು ಮಾಡುವುದು ಎಂದು ಸುಮತಿಯಕ್ಕ ಕೇಳಿದ್ದಕ್ಕೆ, ಕುಸುಮಾ ಏಪ್ರನ್ನಿನ ಜೇಬಿನಿಂದ ಒಂದು ಅಕ್ಕಿಕಾಳನ್ನು ನಾಲ್ಕು ಪಟ್ಟು ಮಾಡಿದಂಥ ವಸ್ತು ತೆಗೆದು ತೋರಿಸಿದಳು. ರೆಸಿಸ್ಟರ್. ಅದನ್ನು ಪೆಟ್ಟಿಗೆಯೊಳಗೆ ಅಡ್ಡ ಜೋಡಿಸುವುದು. ಅದು ಕರೆಂಟು ತಿನ್ನುತ್ತದೆ, ಬೆಚ್ಚಗಾಗುತ್ತದೆ, ಬೇರೇನೂ ಮಾಡುವುದಿಲ್ಲ. ಆದರೆ ಅದು ತಿನ್ನುತ್ತಿರುವ ತನಕ ಬ್ಯಾಂಕಿಗೆ ಒಳಗೆ ಜನ ಇದ್ದಾರೆ ಎಂದು ಗೊತ್ತಿರುತ್ತದೆ.

"ಕೆಲಸ ಇಲ್ಲ, ತಿನ್ನುವುದು, ಬಿಸಿ ಆಗುವುದು," ಎಂದರು ಸುಮತಿಯಕ್ಕ. "ನಮ್ಮ ಯಜಮಾನ್ರನ್ನೇ ಕೂರಿಸಬಹುದಿತ್ತು, ಎಂತಕ್ಕೆ ಹೊಸತು?"

ಇಡೀ ಡಬ್ಬಿ ನಕ್ಕಿತು. ಮರಾಠಿ ಬಾಯಿಗೆ ಯಾರೋ ಅರ್ಥ ಹೇಳಿದರು, ಅವರು ತಡವಾಗಿ ನಕ್ಕರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ.

ಆ ಸಂಜೆ ನಾನು ಭಾಂಡುಪ್‌ನಲ್ಲಿ ಇಳಿದವಳು ಸೀದಾ ಮನೆಗೆ ಹೋಗಲಿಲ್ಲ. ಸ್ಟೇಷನ್ನಿನ ಹತ್ತಿರ ಹಳೆಯ ಸಾಮಾನು ಮಾರುವ ಅಂಗಡಿಯಿದೆ. ಮಂಚ ಬೇಕು, ಇರುವುದರಲ್ಲಿ ದೊಡ್ಡದು ಕೊಡಿ ಎಂದೆ. ಅವನ ಹತ್ತಿರ ಇದ್ದದ್ದು ಒಂದೇ, ಯಾವುದೋ ನರ್ಸಿಂಗ್ ಹೋಮಿನಿಂದ ಬಂದ ಕಬ್ಬಿಣದ ಮಂಚ. ಕಾಲಬದಿಗೆ ಒಂದು ಹ್ಯಾಂಡಲ್, ತಿರುಗಿಸಿದರೆ ತಲೆಯ ಕಡೆ ಕಿರ್ರೆಂದು ಏಳುತ್ತದೆ. ಯಾರಿಗೆ ಹುಷಾರಿಲ್ಲ ಎಂದು ಅವನು ಮರುಕದಿಂದ ಕೇಳಿದ. ಮನೆಗೆ ಹೊತ್ತು ತರಲು ಎಷ್ಟು ಎಂದು ಕೇಳಿದೆ.

ಮೂರು ಮಹಡಿ ಹತ್ತಿಸಲು ನಾಲ್ಕು ಹಮಾಲರು ಬೇಕಾದರು. ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೇಗೂ ಕೆಡವುವ ಬಿಲ್ಡಿಂಗು ಎಂದು ಚೌಕಟ್ಟಿನ ಒಂದು ಬದಿಯನ್ನು ಒಡೆದೆವು. ಮಹಡಿಯವರೆಲ್ಲ ಬಂದು ನಿಂತರು. ಎಲ್ಲರೂ ಸಾಮಾನು ಕಡಿಮೆ ಮಾಡುತ್ತಿದ್ದ ತಿಂಗಳಲ್ಲಿ ನಾನು ಆಸ್ಪತ್ರೆಯ ಮಂಚ ತರುತ್ತಿದ್ದೆ. ನಮ್ಮ ಮನೆಯವರು ಚಹಾದ ಕಪ್ಪು ಹಿಡಿದುಕೊಂಡೇ ನಿಂತಿದ್ದರು.

"ಇದ್ಯಾಕ?"

"ಕುಸುಮಾಗ."

"ಆಕಿ ನೆಲದ ಮ್ಯಾಲ ಮಲಗ್ತಾಳ."

"ಮಲಗಲಿ," ಎಂದೆ. "ಮಂಚ ಇರಲಿ. ನಕ್ಷೆದಾಗ ಬರೀರಿ."

ಅವರು ನನ್ನನ್ನು ನೋಡಿದರು, ಆಮೇಲೆ ಹಗ್ಗ ಕಟ್ಟಿದ ಟ್ರಂಕನ್ನು ನೋಡಿದರು. ಅದನ್ನು ಅವರು ನೋಡಿದ್ದು ಅದೇ ಮೊದಲೆಂದು ಕಾಣುತ್ತದೆ. ಕಪ್ಪು ಕೆಳಗಿಟ್ಟರು.

ಕುಸುಮಾ ಅಂಗಡಿಯಿಂದ ಬಂದಾಗ ಮುಂದಿನ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಂಚವನ್ನು ಸುತ್ತು ಹಾಕಲೂ ಆಗದೆ, ಮೇಲೆ ಹತ್ತಿ ಆಚೆ ಬದಿಗೆ ಇಳಿದಳು. ಹ್ಯಾಂಡಲ್ ತಿರುಗಿಸಿ ತಲೆಯ ಭಾಗ ಏರಿಸಿದಳು, ಇಳಿಸಿದಳು. ಹ್ಯಾಂಡಲ್ ಒರಿಜಿನಲ್ ಅಲ್ಲ ಎಂದಳು. ಬಹಳ ಹೊತ್ತು ಅದರ ಸ್ಕ್ರೂಗಳನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ತಲೆ ಎತ್ತಲಿಲ್ಲ.

"ಭಾಳ ಜಾಗಾ ತಿಂತದ, ವೈನಿ."

"ತಿನ್ನಲಿ," ಎಂದೆ.

ಮರುದಿನ ಟ್ರಂಕಿನ ಹಗ್ಗ ಬಿಚ್ಚಿತ್ತು. ಆ ಹಗ್ಗದಲ್ಲಿ ಅವಳು ಬಟ್ಟೆ ಒಣಗಿಸಿದ್ದಳು. ಆ ಮಂಚ ಹಿಡಿಸಬೇಕಾದ್ದರಿಂದ ನಾವು ಇನ್ನೊಂದು ಮನೆ, ಒಂದು ಕೋಣೆ ಹೆಚ್ಚಿಗೆ ಇರುವುದನ್ನು, ಹುಡುಕಬೇಕಾಯಿತು. ಅವಳು ಅದರ ಮೇಲೆ ಒಂದು ದಿನವೂ ಮಲಗಲಿಲ್ಲ. ಮಂಚದ ತುಂಬ ಕೇಬಲ್ಲು, ಬೆಸುಗೆಯ ಕಡ್ಡಿ, ಅರ್ಧ ಬಿಚ್ಚಿದ ಮಿಕ್ಸರು. ತಲೆಯ ಕಡೆ ಏರಿಸಿ ಅದಕ್ಕೆ ಲೈಟು ಕಟ್ಟಿದ್ದಳು. ಅದರ ಪಕ್ಕದಲ್ಲೇ ನೆಲದ ಮೇಲೆ ಹಾಸಿಗೆ ಹಾಸಿ ಮಲಗುತ್ತಿದ್ದಳು. ಆದರೆ ಬೆಳಿಗ್ಗೆ ಹಾಸಿಗೆ ಸುತ್ತುವುದನ್ನು ನಿಲ್ಲಿಸಿದಳು. ಅದನ್ನು ದಾಟಿಕೊಂಡು ಅಡುಗೆಮನೆಗೆ ಹೋಗುವುದು ನಮಗೆಲ್ಲ ರೂಢಿಯಾಯಿತು.

ಪೆಟ್ಟಿಗೆ ಆಮೇಲೆ ಸಾಯಲಿಲ್ಲ. ಮಂಡಳಿಗೆ ಮಾತ್ರ ಹಳೆಯ ನಿಧಾನ ಮರಳಿ ಬರಲಿಲ್ಲ, ಬಾಯಿಗೆ ವೇಗ ಕೂತುಬಿಟ್ಟಿತ್ತು. ಕುರ್ಲಾ ಬರುವಾಗ ಇದ್ದಬದ್ದ ಭಜನೆಗಳೆಲ್ಲ ಮುಗಿದು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಆಗ ಪೆಟ್ಟಿಗೆ ಬೆಚ್ಚಗಿರುತ್ತಿತ್ತು. ಸುಮತಿಯಕ್ಕನಿಗೆ ಮಂಡಿನೋವು. ಒಂದು ದಿನ ಪೆಟ್ಟಿಗೆಯನ್ನು ಮಂಡಿಯ ಮೇಲಿಟ್ಟುಕೊಂಡು, ಹಿತವಾಗ್ತದೆ ಎಂದರು. ಅಲ್ಲಿಂದ ಸಾಲು ಹತ್ತಿತು. ಸಾಯನ್ ತನಕ ಒಬ್ಬರ ಮಂಡಿ, ದಾದರ್ ತನಕ ಇನ್ನೊಬ್ಬರದು. ಮರಾಠಿ ಬಾಯಿಯೂ ಹೆಸರು ಕೊಟ್ಟರು.

ಕಳೆದ ವರ್ಷ ಮಳೆಗಾಲದ ಕೊನೆಗೆ ಕುಸುಮಾಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳತೊಡಗಿತು. ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು. ಹೃದಯ ಕಾಲು ಭಾಗ ಮಾತ್ರ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ಇರುವುದು ಕಾಲು ಭಾಗವೋ, ಮಷೀನು ತೋರಿಸುವುದು ಕಾಲು ಭಾಗವೋ ಎಂದು ಕೇಳಿದಳು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ದೀಪಗಳನ್ನು ಅವಳು ಎಂದೂ ನಂಬಿದವಳಲ್ಲ. ಡಾಕ್ಟರು ಸ್ವಲ್ಪ ಯೋಚಿಸಿ, ಮತ್ತೊಮ್ಮೆ ನೋಡುತ್ತೇನೆ ಎಂದರು. ಮತ್ತೊಮ್ಮೆ ನೋಡಿದಾಗಲೂ ಅಷ್ಟೇ ಇತ್ತು.

ಒಂಬತ್ತನೆಯ ದಿನ ನಾನು ಸಂಜೆ ಹೋದಾಗ ಅವಳ ತಲೆಯ ಬಳಿಯ ಮಾನಿಟರು ಕೀಂ ಕೀಂ ಎನ್ನುತ್ತಿತ್ತು. ಚಾರ್ಜಿಗೆ ಹಾಕಿದರೂ ಬ್ಯಾಟರಿ ಮುಗಿಯುತ್ತಿದೆ ಎಂದು ತೋರಿಸುತ್ತಿದೆ ಎಂದು ನರ್ಸಮ್ಮ ಅದರ ಬೆನ್ನು ತಟ್ಟುತ್ತಿದ್ದರು. ಕುಸುಮಾ ಮುಖದ ಮೇಲಿನ ಮಾಸ್ಕನ್ನು ಎರಡು ಬೆರಳಿನಿಂದ ಎತ್ತಿದಳು.

"ಸಿಸ್ಟರ್. ಕೇಬಲ್ ಕಿಸ್ಕಾ ಹೈ?"

ನರ್ಸಮ್ಮ ನನ್ನ ಮುಖ ನೋಡಿದರು. ಅಷ್ಟು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯಲ್ಲಿ ಆ ತಾಯಿ ನೋಡಿದ್ದ ಹಾಗೆಯೇ. ನಾನು ತಲೆಯಾಡಿಸಿದೆ. ಅವರು ಕೇಬಲ್ ಹಿಡಿದು ನೋಡಿದರು, ಅದು ಪಕ್ಕದ ಹಾಸಿಗೆಯ ಬೇರೆ ಯಾವುದೋ ಮಷೀನಿನದು. ಸರಿಯಾದದ್ದನ್ನು ತಂದು ಹಾಕಿದ ಕೂಡಲೆ ಕೀಂ ಕೀಂ ನಿಂತಿತು. ಕುಸುಮಾಳ ಮುಖದಲ್ಲಿ ಆಗ ಬಂದ ತೃಪ್ತಿಯನ್ನು ನಾನು ಮರೆಯಲಾರೆ. ನಾನು ಹೊರಡುವಾಗ ಮತ್ತೆ ಮಾಸ್ಕು ಎತ್ತಿದಳು.

"ವೈನಿ, ಪೆಟಗಿ ಬಿಸಿ ಆದ್ರ ಯಾರರೆ ಹೆದರಿ ಬಿಚ್ಚ್ಯಾರು. ಬಿಚ್ಚಗೊಡಬ್ಯಾಡ್ರಿ. ಅದು ಬಿಸಿ ಇರಬೇಕು."

ಆಯಿತು ಎಂದೆ. ಬೆಳಿಗ್ಗೆ ನಾವು ಹೋಗುವುದರೊಳಗೆ ಅವಳು ಇರಲಿಲ್ಲ.

ಹದಿನಾಲ್ಕು ದಿನದ ಮೇಲೆ ನಾನು ಮತ್ತೆ ಟ್ರೇನು ಹತ್ತಿದೆ. ಸುಮತಿಯಕ್ಕ ನನಗೆ ಕಿಟಕಿಯ ಪಕ್ಕ ಜಾಗ ಕೊಟ್ಟು, ಪೆಟ್ಟಿಗೆ ಚಾಲೂ ಮಾಡಿ ನನ್ನ ಮಡಿಲಲ್ಲಿಟ್ಟರು. ಯಾರೂ ಹಾಡು ಎತ್ತಲಿಲ್ಲ. ಕಾಂಜುರ್‌ಮಾರ್ಗ್ ಹೋಯಿತು, ವಿಕ್ರೋಳಿ ಹೋಯಿತು. ತಾಳದವರು ತಾಳವನ್ನು ಚೀಲದಲ್ಲೇ ಬಿಟ್ಟಿದ್ದರು. ಬರೀ ಶ್ರುತಿ, ಯಾರೂ ಹಾಡದೆ, ಕುರ್ಲಾ ದಾಟುವ ತನಕ ಒಂದೇ ಸಮನೆ ಕೇಳುತ್ತಿತ್ತು. ಮಡಿಲು ಬೆಚ್ಚಗಾಗಿತ್ತು.

ಹೊಸ ಬಿಲ್ಡಿಂಗ್ ನಮ್ಮ ಮಹಡಿಯ ತನಕ ಎದ್ದಿದೆ. ಪ್ಲಗ್ ಪಾಯಿಂಟುಗಳು ಎಲ್ಲೆಲ್ಲಿ ಬೇಕು, ಬರೆದು ಕೊಡಿ ಎಂದು ಕಾಂಟ್ರಾಕ್ಟರ್ ಹೇಳಿ ಕಳಿಸಿದ್ದ. ಕಳೆದ ಭಾನುವಾರ ನಮ್ಮ ಮನೆಯವರು ವೃತ್ತಪತ್ರಿಕೆ, ಪೆನ್ಸಿಲ್ಲು ಹಿಡಿದು ಕೂತರು. ನಾನು ಚಹಾ ತಂದಿಟ್ಟು ಹಿಂದೆ ನಿಂತು ನೋಡಿದೆ. ಫ್ರಿಜ್ಜು, ಕಪಾಟು, ದೇವರ ಗೂಡು. ಅವರ ಮಂಚ, ನನ್ನ ಮಂಚ. ಆಮೇಲೆ ಕಿಟಕಿಯ ಕೆಳಗೆ ಇನ್ನೊಂದು ಮಂಚ ಬರೆದರು. ಕಾಲಬದಿಗೆ ಚಿಕ್ಕದೊಂದು ಹ್ಯಾಂಡಲ್ ಸಹ ಬರೆದರು.

ಪೆನ್ಸಿಲ್ಲು ಇಸಿದುಕೊಂಡು, ಆ ಮಂಚದ ತಲೆಯ ಕಡೆ ಗೋಡೆಗೆ ಒಂದು ಪ್ಲಗ್ ಪಾಯಿಂಟಿನ ಗುರುತು ಹಾಕಿದೆ.

ಅವರು ಅದನ್ನು ನೋಡಿದರು. ಕೈ ಚಾಚಿ ಪೆನ್ಸಿಲ್ಲು ವಾಪಸ್ ತೆಗೆದುಕೊಂಡು ಪಕ್ಕದಲ್ಲಿ ಇನ್ನೂ ಎರಡು ಹಾಕಿದರು.

"ಒಂದು ಸಾಲೂದಿಲ್ಲ ಆಕಿಗೆ," ಎಂದರು.